ಸಾದಾ ಬಲ್ಬ್ ಬೆಳಗಿಸಿದ ಎಡಿಸನ್

ಥಾಮಸ್ ಆಲ್ವಾ ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಓಹಿಯೋ ರಾಜ್ಯದಲ್ಲಿ. ಶಾಲೆ ಕಲಿತದ್ದು ಕೆಲವೇ ತಿಂಗಳು. ಹುಡುಗನಿದ್ದಾಗ ರೈಲಿನಲ್ಲಿ ಪೇಪರ್, ಮಿಠಾಯಿ ಮಾರಿದರು, ಮುಂದೆ ತಂತಿ ಕಚೇರಿಯಲ್ಲಿ ದುಡಿದರು.

ವಿದ್ಯುತ್ ಬಲ್ಬ್ ಅವರಿಗಿಂತ ಮೊದಲೇ ಇತ್ತು, ಆದ್ರೆ ಬೇಗ ಸುಟ್ಟು ಹೋಗ್ತಿತ್ತು. 1879ರ ಅಕ್ಟೋಬರ್‌ನಲ್ಲಿ, ಹತ್ತಿ ದಾರ ಸುಟ್ಟು ಕರಿ ಮಾಡಿ ಒಳಗೆ ಹಾಕಿದ ಅವರ ಬಲ್ಬ್ 13 ತಾಸಿನ ಮೇಲೆ ಉರಿಯಿತು. ಆಮೇಲೆ ಬಿದಿರಿನ ಎಳೆ ಹಾಕಿದಾಗ ಸಾವಿರ ತಾಸು ದಾಟಿತು. 1882ರಲ್ಲಿ ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ತೆರೆದು ಮನೆ, ಅಂಗಡಿಗಳಿಗೆ ಕರೆಂಟ್ ಕೊಟ್ಟರು. ಕರೆಂಟ್ ಬಿಲ್ಲಿನ ಕಾಟಕ್ಕೂ ಇವರೇ ಮೂಲಪುರುಷ ಅನ್ನಬಹುದು! ಅವರ ಕಂಪನಿ ಇನ್ನೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆಯಿತು. 1902ರಲ್ಲಿ ಶುರುವಾದ ನಮ್ಮ ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೆ ಜನರೇಟರ್ ಕೊಟ್ಟಿದ್ದು ಅದೇ ಕಂಪನಿ.

1931ರ ಅಕ್ಟೋಬರ್ 18ರಂದು ಎಡಿಸನ್ ತೀರಿಕೊಂಡರು. ಅವರ ಬಲ್ಬಿನ ಒಂದು ಕೊರತೆ ಮಾತ್ರ ಕೊನೆಗೂ ನೀಗಲಿಲ್ಲ. ಎಳೆ ಕೆಂಪಗೆ ಕಾದರೇನೇ ಬೆಳಕು, ಹೀಗಾಗಿ ಕರೆಂಟಿನ ಬಹುಪಾಲು ಬಿಸಿಯಾಗಿ ಹೋಗ್ತದೆ. ಲೆಕ್ಕ ನೋಡ್ರಿ: ಸೇಡಂ, ಚಿತ್ತಾಪುರದ ಅಂಗಡಿಯಲ್ಲಿ 60 ವ್ಯಾಟ್‌ನ ಸಾದಾ ಬಲ್ಬ್ ದಿನಕ್ಕೆ 10 ತಾಸು ಉರಿದ್ರೆ ತಿಂಗಳಿಗೆ 18 ಯೂನಿಟ್. ಹೆಚ್ಚುಕಮ್ಮಿ ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿಗೆ ಮೂರು ಯೂನಿಟ್ ಕೂಡ ಬೇಡ.