ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು

ಕೆಲಸವನ್ನು ನಾಳೆಗೆ ತಳ್ಳುವುದಕ್ಕೆ ನೆವಗಳು ಎಲ್ಲರಿಗೂ ಸುಲಭವಾಗಿ ದೊರೆಯುತ್ತವೆ. ನಮ್ಮ ಹಿರಿಯೂರು ಸೀಮೆಯ ವಾಣೀವಿಲಾಸ ಸಾಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಮಹಾರಾಣಿಯವರಿಗಾದರೋ ನ್ಯಾಯವಾದ ನೆವಗಳೇ ಅನೇಕವಿದ್ದುವು.

ಕೆಂಪನಂಜಮ್ಮಣ್ಣಿಯವರು 1866ರಲ್ಲಿ ಜನಿಸಿದರು. 1894ರ ಡಿಸೆಂಬರಿನಲ್ಲಿ ಪತಿ ಚಾಮರಾಜೇಂದ್ರ ಒಡೆಯರವರು ಕಲ್ಕತ್ತೆಯಲ್ಲಿ ಅಕಾಲಮರಣವನ್ನು ಹೊಂದಿದರು. ಪಟ್ಟಕ್ಕೆ ಬರಬೇಕಾದ ಮಗನಿಗೆ ಆಗ ಹತ್ತೇ ವರುಷ. ರೀಜೆಂಟರಾಗಿ ರಾಜ್ಯಭಾರವು ಇವರ ಪಾಲಿಗೆ ಬಂದಿತು. 1897ರಲ್ಲಿ ಮೈಸೂರಿನ ಅರಮನೆಯು ಬೆಂಕಿಗೆ ಆಹುತಿಯಾಯಿತು. 1898ರಲ್ಲಿ ಬೆಂಗಳೂರನ್ನು ಪ್ಲೇಗು ಹೊಕ್ಕಿತು. ಕಷ್ಟಕಾಲವು ಕಳೆಯಲಿ, ಮಗನು ದೊಡ್ಡವನಾಗಲಿ ಎಂದಿದ್ದರೆ ಯಾರೂ ದೂರುತ್ತಿರಲಿಲ್ಲ.

ಆದರೂ ಅದೇ 1898ರಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟುವ ಕೆಲಸವು ಆರಂಭವಾಯಿತು. 1902ರಲ್ಲಿ ಮಗ ಕೃಷ್ಣರಾಜ ಒಡೆಯರವರಿಗೆ ರಾಜ್ಯವನ್ನೊಪ್ಪಿಸಿದಾಗ ಅದಿನ್ನೂ ಮುಗಿದಿರಲಿಲ್ಲ, ಮುಗಿದದ್ದು 1907ರಲ್ಲಿ. ಮಳೆ ಕಡಮೆಯಾದ ಈ ಸೀಮೆಯಲ್ಲಿ ಜಲಾಶಯವು ಮೊದಲು ತುಂಬಿದುದು 1933ರಲ್ಲಿ. ಮರುವರ್ಷವೇ ಮಹಾರಾಣಿಯವರು ಕಾಲವಾದರು. 2022ರಲ್ಲಿ ಅದು ಮತ್ತೊಮ್ಮೆ ತುಂಬಿತು.

ಮಳೆ ಬಂದಮೇಲೆ ಕಟ್ಟೆ ಹಾಕಹೊರಟರೆ ನೀರು ನಿಲ್ಲುವುದಿಲ್ಲ. ಮನೆಯ ತೊಂದರೆಗಳು ತೀರಲೆಂದು ಓದನ್ನು ಬಿಟ್ಟಿರುವ ಪೂರ್ವವಿದ್ಯಾರ್ಥಿನಿಯರೂ, ಮಗಳ ಪರೀಕ್ಷೆಯು ಮುಂದಿನ ವರ್ಷವಾಗಲಿ ಎನ್ನುವ ತಾಯಿತಂದೆಗಳೂ ಇದನ್ನು ನೆನೆಯಬೇಕೆಂದು ನಾವು ಬೇಡುತ್ತೇವೆ.