ದಯಾನಂದ: ಬೀಡ್ ಗ್ರಿಫಿತ್ಸ್ ಅವರ ಬದುಕಿನಲ್ಲಿ ನೋವು ಮತ್ತು ಕರುಣೆ

ಅನುಭಾವದ ಚರಿತ್ರೆಯಲ್ಲಿ ನೋವಿಗೆ ಎರಡು ನೆಲೆಗಳಿವೆ. ಸಾಧಕನು ತಾನೇ ಆಯ್ದುಕೊಳ್ಳುವ ಉಪವಾಸ, ಜಾಗರಣೆ, ದೇಹದಂಡನೆಗಳ ನೋವು ಒಂದು. ಕೇಳದೆ ಬಂದೆರಗುವ ಸೋಲು, ರೋಗ, ಮುಪ್ಪುಗಳ ನೋವು ಇನ್ನೊಂದು. ಮೊದಲನೆಯದರಲ್ಲಿ ಸಾಧಕನ ಸಂಕಲ್ಪ ಉಳಿದಿರುತ್ತದೆ. ಎರಡನೆಯದರಲ್ಲಿ ಆ ಸಂಕಲ್ಪವೇ ಮುರಿಯುತ್ತದೆ. ಕರುಣೆ ಹುಟ್ಟುವುದು ಯಾವುದರಿಂದ ಎಂಬ ಪ್ರಶ್ನೆಯನ್ನು, ಭಾರತದಲ್ಲಿ ಕ್ರೈಸ್ತ ಧ್ಯಾನಜೀವನಕ್ಕೆ ಹೊಸ ರೂಪ ಕೊಟ್ಟ ಬೀಡ್ ಗ್ರಿಫಿತ್ಸ್ (1906–1993) ಅವರ ಬದುಕಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ನಿಂತು ನೋಡುವವರಿಗೆ ಈ ಪ್ರಶ್ನೆ ಹೊಸದಲ್ಲ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರು ಒಡ್ಡಿದ ಪರೀಕ್ಷೆಗಳನ್ನು ಸಹಿಸಿ ಕಬ್ಬಿಣದ ಭಿಕ್ಷೆ ತರುವ ಕಥೆಯನ್ನು ನೀಲಗಾರರು ಇಂದಿಗೂ ಹಾಡುತ್ತಾರೆ. ಮಲೆಯ ಮಾದೇಶ್ವರ ಕಾವ್ಯದಲ್ಲಿ ಗಂಡನ ಸಂಶಯಕ್ಕೆ ಗುರಿಯಾಗಿ ನರಳುವ ಸಂಕಮ್ಮನ ಸಾಲು ಕೇಳುಗರನ್ನು ಕಲಕುವ ಭಾಗ. ಸಿದ್ಧಪ್ಪಾಜಿಯ ನೋವು ಗುರುಸೇವೆಯ ಹಾದಿಯಲ್ಲಿ ಬಂದದ್ದು. ಸಂಕಮ್ಮನದು ಆಕೆ ಬಯಸದೆ ಬಂದದ್ದು. ಇದೇ ಸೀಮೆಯ ಮಾರ್ಟಳ್ಳಿಯಲ್ಲಿ ಕಥೋಲಿಕ ಸಮುದಾಯವೊಂದು ನೆಲೆಸಿದೆ; ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ಕಾಮಗೆರೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಹೋಲಿ ಕ್ರಾಸ್ ಆಸ್ಪತ್ರೆಯಿದೆ. ಶಿವನಸಮುದ್ರದಲ್ಲಿ ಧುಮುಕಿ ಈ ಸೀಮೆಯ ಅಂಚಿನಲ್ಲಿ ಹರಿಯುವ ಕಾವೇರಿ ಹೊಗೇನಕಲ್, ಮೆಟ್ಟೂರುಗಳನ್ನು ದಾಟಿ ತಮಿಳುನಾಡಿನ ಕುಳಿತಲೈ ಬಳಿಯ ಶಾಂತಿವನವನ್ನು ಮುಟ್ಟುತ್ತದೆ. ಗ್ರಿಫಿತ್ಸ್ ತಮ್ಮ ಕೊನೆಯ ಇಪ್ಪತ್ತೈದು ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಅವರಿಗೂ ಈ ಸೀಮೆಗೂ ನೇರ ಚಾರಿತ್ರಿಕ ಸಂಬಂಧವನ್ನು ಇಲ್ಲಿ ಕಲ್ಪಿಸುತ್ತಿಲ್ಲ. ಅವರ ಬದುಕನ್ನು ನಮ್ಮ ಪರಂಪರೆಯ ಪಕ್ಕದಲ್ಲಿಟ್ಟು ಓದಬಹುದೆಂಬುದಷ್ಟೇ ಇಲ್ಲಿನ ನಿಲುವು.

ಅಲನ್ ರಿಚರ್ಡ್ ಗ್ರಿಫಿತ್ಸ್ ಹುಟ್ಟಿದ್ದು 1906ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ವಾಲ್ಟನ್-ಆನ್-ಥೇಮ್ಸ್‌ನಲ್ಲಿ. ತಂದೆಯ ವ್ಯಾಪಾರ ಮುರಿದುಬಿದ್ದುದರಿಂದ ಮಧ್ಯಮ ವರ್ಗದ ಆ ಕುಟುಂಬ ಬಡತನಕ್ಕಿಳಿಯಿತು. ಶಾಲೆಯ ಕೊನೆಯ ದಿನಗಳಲ್ಲಿ, ಒಂದು ಸಂಜೆ ಒಬ್ಬರೇ ನಡೆದು ಹೋಗುತ್ತಿದ್ದಾಗ ಹಕ್ಕಿಗಳ ಹಾಡಿನಲ್ಲಿ, ಸೂರ್ಯಾಸ್ತದ ಬೆಳಕಿನಲ್ಲಿ ಅವರಿಗಾದ ದಿವ್ಯಾನುಭವ ಮುಂದಿನ ಹುಡುಕಾಟಕ್ಕೆ ಮೂಲವಾಯಿತು. 1925ರಲ್ಲಿ ಆಕ್ಸ್‌ಫರ್ಡ್ ಸೇರಿದರು. ಅಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದ ಸಿ. ಎಸ್. ಲೂಯಿಸ್ ಆಮೇಲೆ ಅವರ ಗೆಳೆಯರಾದರು. ಆಗ ಇಬ್ಬರೂ ನಂಬಿಕೆಯ ಹೊರಗಿದ್ದವರೇ. ಮುಂದೆ ಇಬ್ಬರೂ ಬೇರೆ ಬೇರೆ ದಾರಿಗಳಲ್ಲಿ ಕ್ರೈಸ್ತಧರ್ಮಕ್ಕೆ ಬಂದರು.

1930ರಲ್ಲಿ ಇಬ್ಬರು ಗೆಳೆಯರೊಡನೆ ಅವರು ಕಾಟ್ಸ್‌ವೋಲ್ಡ್ ಪ್ರದೇಶದ ಈಸ್ಟಿಂಗ್‌ಟನ್ ಎಂಬ ಹಳ್ಳಿಯಲ್ಲಿ ಪ್ರಯೋಗವೊಂದನ್ನು ಕೈಗೊಂಡರು. ಯಂತ್ರನಾಗರಿಕತೆಯನ್ನು ತೊರೆದು, ಹಸು ಕರೆದು ಹಾಲು ಮಾರಿ, ಬೈಬಲ್ ಓದುತ್ತ ಬದುಕುವ ಪ್ರಯತ್ನ ಅದು. ಒಂದು ವರ್ಷ ತುಂಬುವ ಮೊದಲೇ ಅದು ಮುಗಿಯಿತು. ಗ್ರಿಫಿತ್ಸ್ ಮಾತ್ರ ಇನ್ನೂ ಕಠಿಣವಾದ ವ್ರತಗಳತ್ತ ಹೊರಳಿದರು. ಲಂಡನ್ನಿನ ಬಡ ಬಡಾವಣೆಯಲ್ಲಿ ಉಳಿದು, ಉಪವಾಸ ಮಾಡಿ, ರಾತ್ರಿಯಿಡೀ ಮೊಣಕಾಲೂರಿ ಪ್ರಾರ್ಥಿಸುತ್ತ ಮನಸ್ಸಿನ ಸ್ಥಿಮಿತವೇ ತಪ್ಪುವ ಅಂಚಿಗೆ ಬಂದರು. ತಮ್ಮ ಬುದ್ಧಿಯನ್ನೂ ಇಚ್ಛೆಯನ್ನೂ ತಾವೇ ಮುರಿಯಲು ಹೊರಟ ಸಾಧನೆ ಅದು. ಮುರಿಯುವ ಕೆಲಸವನ್ನು ಮಾಡುತ್ತಿದ್ದುದೂ ಅದೇ ಇಚ್ಛೆ ಎಂಬುದು ಅದರ ವಿರೋಧಾಭಾಸ. ಈ ಬಿಕ್ಕಟ್ಟು ಅವರಿಗೆ ಶರಣಾಗತಿಯ ಮೊದಲ ಪಾಠವನ್ನು ಕಲಿಸಿತೇ ಹೊರತು ಸಾಧನೆಯನ್ನು ಮುಗಿಸಲಿಲ್ಲ.

1931ರ ಕ್ರಿಸ್‌ಮಸ್ ಮುನ್ನಾದಿನ ಅವರು ಕಥೋಲಿಕ ಸಭೆಯನ್ನು ಸೇರಿದರು. ಆ ಬಳಿಕ ಪ್ರಿಂಕ್‌ನ್ಯಾಶ್‌ನ ಬೆನೆಡಿಕ್ಟೈನ್ ಮಠದಲ್ಲಿ ಸನ್ಯಾಸ ಸ್ವೀಕರಿಸಿ ಬೀಡ್ ಎಂಬ ಹೆಸರು ಪಡೆದರು, 1940ರಲ್ಲಿ ಗುರುದೀಕ್ಷೆಯಾಯಿತು. 1947ರಲ್ಲಿ ಫಾರ್ನ್‌ಬರೋ ಮಠದ ಹೊಣೆ ಬಂದಿತು. ಅದು ಆರ್ಥಿಕವಾಗಿ ನಿಲ್ಲಲಾರದೆ 1951ರಲ್ಲಿ ಅವರನ್ನು ಸ್ಕಾಟ್ಲೆಂಡಿನ ಪ್ಲಸ್ಕಾರ್ಡನ್ ಮಠಕ್ಕೆ ಕಳುಹಿಸಲಾಯಿತು. ಈ ಹಿನ್ನಡೆಯ ವರ್ಷಗಳಲ್ಲಿಯೇ ಅವರ ಆತ್ಮಚರಿತ್ರೆ 'ದ ಗೋಲ್ಡನ್ ಸ್ಟ್ರಿಂಗ್' ಸಿದ್ಧವಾಗಿ 1954ರಲ್ಲಿ ಪ್ರಕಟವಾಯಿತು.

1955ರಲ್ಲಿ ಕೇರಳ ಮೂಲದ ಬೆನೆಡಿಕ್ಟೈನ್ ಗುರು ಬೆನೆಡಿಕ್ಟ್ ಆಲಪಾಟ್ ಅವರೊಡನೆ ಗ್ರಿಫಿತ್ಸ್ ಭಾರತಕ್ಕೆ ಬಂದರು. ಮುಂಬಯಿಯಲ್ಲಿಳಿದು ಕಂಡ ಎಲಿಫೆಂಟಾ ಗುಹೆಯ ಮಹೇಶಮೂರ್ತಿ ಅವರನ್ನು ಗಾಢವಾಗಿ ತಟ್ಟಿತು. ಆ ಬಳಿಕ ಬೆಂಗಳೂರಿನ ಹೊರವಲಯದ ಕೆಂಗೇರಿಯಲ್ಲಿ ಮಠವೊಂದನ್ನು ಕಟ್ಟಲು ಯತ್ನಿಸಿದರು. ಕರ್ನಾಟಕದ ಮಟ್ಟಿಗೆ ಈ ಅವಧಿ ಮುಖ್ಯವಾದುದು. ಯುರೋಪಿನ ಅಳತೆಯಲ್ಲಿ ತೀರ ಸರಳವೆನಿಸಿದ್ದ ಅವರ ವಾಸ, ಸುತ್ತಣ ಹಳ್ಳಿಗರ ಕಣ್ಣಿಗೆ ಅನುಕೂಲಸ್ಥರ ಬದುಕೇ ಆಗಿತ್ತು. ಮೇಜು, ಕುರ್ಚಿ, ಮಂಚಗಳಿದ್ದ ಸನ್ಯಾಸಿಯ ಪಕ್ಕದಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವ ಗೃಹಸ್ಥನಿದ್ದ. ತಾನು ವ್ರತವಾಗಿ ಹೊತ್ತ ಬಡತನ ಬೇರೆ, ನೆರೆಯವನು ವಿಧಿಯಿಲ್ಲದೆ ಹೊತ್ತ ಬಡತನ ಬೇರೆ ಎಂಬ ಅರಿವು ಅವರಿಗಾದದ್ದು ಕೆಂಗೇರಿಯಲ್ಲಿ. ಈಸ್ಟಿಂಗ್‌ಟನ್ನಿನ ಪ್ರಯೋಗ ಕಲಿಸದಿದ್ದುದನ್ನು ಈ ನೆರೆಹೊರೆ ಕಲಿಸಿತು.

ಕೆಂಗೇರಿಯ ಮಠ ನೆಲೆಗೊಳ್ಳಲಿಲ್ಲ. 1958ರಲ್ಲಿ ಅವರು ಬೆಲ್ಜಿಯಂ ಮೂಲದ ಫ್ರಾನ್ಸಿಸ್ ಮಾಹ್ಯೂ ಅವರೊಡಗೂಡಿ ಕೇರಳದ ಕುರಿಸುಮಲದಲ್ಲಿ ಆಶ್ರಮ ಸ್ಥಾಪನೆಗೆ ನೆರವಾದರು. ಕಾವಿ ಉಟ್ಟು, ಸಿರಿಯನ್ ಕ್ರಮದ ಪೂಜಾವಿಧಿಯನ್ನು ಅನುಸರಿಸಿದರು. ಆಗ ಅವರು ತಳೆದ ಹೆಸರು ದಯಾನಂದ. ದಯೆಯಲ್ಲಿ ಆನಂದವನ್ನು ಕಾಣುವವನು ಎಂಬ ಆ ಹೆಸರಿನ ಅರ್ಥ ಅವರ ಬದುಕಿನಲ್ಲಿ ಪೂರ್ಣವಾಗಿ ತೆರೆದುಕೊಳ್ಳಲು ಇನ್ನೂ ಮೂರು ದಶಕಗಳು ಬೇಕಾದವು.

ಕುಳಿತಲೈ ಬಳಿಯ ಸಚ್ಚಿದಾನಂದ ಆಶ್ರಮವನ್ನು 1950ರಲ್ಲಿ ಸ್ಥಾಪಿಸಿದವರು ಜೂಲ್ ಮೊಂಶನಾನ್ ಮತ್ತು ಮುಂದೆ ಅಭಿಷಿಕ್ತಾನಂದ ಎಂದು ಹೆಸರಾದ ಆನ್ರಿ ಲ ಸೋ. ಮೊಂಶನಾನ್ 1957ರಲ್ಲಿ ತೀರಿಕೊಂಡರು. ಅಭಿಷಿಕ್ತಾನಂದರು ಹಿಮಾಲಯದ ಕಡೆಗೆ ಹೊರಟರು. 1968ರಲ್ಲಿ ಗ್ರಿಫಿತ್ಸ್ ಆ ಆಶ್ರಮದ ಹೊಣೆ ಹೊತ್ತರು. ಶಾಂತಿವನವೆಂದೇ ಪ್ರಸಿದ್ಧವಾದ ಅಲ್ಲಿ ಉಪನಿಷತ್ತುಗಳ ಪಠಣ, ಆರತಿ, ಗಂಧಗಳು ಕ್ರೈಸ್ತ ಪ್ರಾರ್ಥನೆಯೊಳಗೆ ಸೇರಿದವು. ಇದು ಕ್ರೈಸ್ತತ್ವವನ್ನು ಕೆಡಿಸುತ್ತದೆಂದು ಕೆಲವು ಕ್ರೈಸ್ತರೂ, ಇದು ಮತಾಂತರದ ಮರೆವೇಷವೆಂದು ಕೆಲವು ಹಿಂದೂ ಚಿಂತಕರೂ ಟೀಕಿಸಿದರು. ಈ ನಡುವೆಯೇ 1982ರಲ್ಲಿ ಪೂರ್ವ–ಪಶ್ಚಿಮಗಳ ಸಂಗಮವನ್ನು ಕುರಿತ ಗ್ರಂಥ, 1987ರಲ್ಲಿ ಕರುಣೆಯನ್ನೇ ಶೀರ್ಷಿಕೆಯಲ್ಲಿರಿಸಿಕೊಂಡ ಭಗವದ್ಗೀತೆಯ ವ್ಯಾಖ್ಯಾನ, 1989ರಲ್ಲಿ ವಿಜ್ಞಾನ ಮತ್ತು ಅನುಭಾವಗಳ ಅನುಸಂಧಾನದ ಕೃತಿ ಹೊರಬಂದವು.

ಇಷ್ಟರ ಹೊತ್ತಿಗೆ ಅವರ ಚಿಂತನೆ ಪಕ್ವವಾಗಿತ್ತು. ಆದರೆ ಅದು ಬಹುಮಟ್ಟಿಗೆ ಬುದ್ಧಿಯ ಪಕ್ವತೆ. ವಿಚಾರಶಕ್ತಿಯ ಜೊತೆಗೆ ಭಾವ ಮತ್ತು ಸ್ತ್ರೀತತ್ತ್ವ ಬೆಸೆಯಬೇಕೆಂದು ಬರೆದವರು, ತಾವು ಮಾತ್ರ ತಲೆಯಲ್ಲಿಯೇ ಬದುಕುತ್ತಿದ್ದೆವೆಂದು ಆಮೇಲೆ ಕಂಡುಕೊಂಡರು. 1990ರ ಜನವರಿ 25ರ ಬೆಳಗಿನ ಜಾವ ತಮ್ಮ ಗುಡಿಸಲಿನ ಜಗಲಿಯಲ್ಲಿ ಧ್ಯಾನಕ್ಕೆ ಕುಳಿತಿದ್ದಾಗ ಅವರಿಗೆ ಲಕ್ವ ಹೊಡೆಯಿತು. ತಲೆಗೆ ಹೊರಗಿನಿಂದ ಬಲವಾದ ಪೆಟ್ಟು ಬಿದ್ದಂತೆ ಅವರಿಗನಿಸಿತು. ಕೆಲವು ದಿನ ಮಾತಿಲ್ಲದೆ ಮಲಗಿದರು. ಸಾವು ಬಂದಿತೆಂದೇ ತಿಳಿದು ಅಂತ್ಯಕಾಲದ ಪ್ರಾರ್ಥನೆಗಳನ್ನು ಹೇಳಿಕೊಂಡರು. ಸಾವು ಬರಲಿಲ್ಲ. ಆಗ ತಾಯಿಗೆ ಶರಣಾಗಬೇಕೆಂಬ ಪ್ರೇರಣೆ ಒಳಗಿನಿಂದ ಬಂದಿತು. ಹಾಗೆ ಶರಣಾದೊಡನೆ ತಡೆಯಲಾಗದ ಪ್ರೀತಿಯ ಅಲೆಗಳು ತಮ್ಮನ್ನು ಮುಳುಗಿಸಿದವೆಂದು ಅವರು ಆಮೇಲೆ ವಿವರಿಸಿದ್ದಾರೆ. ಆ ತಾಯಿಯಲ್ಲಿ ಅವರು ಮೇರಿಯನ್ನೂ ಭೂಮಾತೆಯನ್ನೂ ಹೆತ್ತ ತಾಯಿಯನ್ನೂ ಒಟ್ಟಿಗೆ ಕಂಡರು.

ಆಗ ಅವರ ವಯಸ್ಸು 83. ಅವರ ವ್ಯಕ್ತಿತ್ವದಲ್ಲಾದ ಬದಲಾವಣೆಯನ್ನು ಸುತ್ತಲಿನವರು ಗುರುತಿಸಿದರು. ಇಂಗ್ಲಿಷ್ ಶಿಷ್ಟಾಚಾರದ ಬಿಗುಮಾನ ಕರಗಿತು. ಬಂದವರನ್ನು ಅಪ್ಪಿ ಮಾತಾಡಿಸುವ ವಾತ್ಸಲ್ಯ ಹೊಮ್ಮಿತು. ಚೇತರಿಸಿಕೊಂಡ ಮೇಲೆ ಅಮೆರಿಕ, ಯುರೋಪ್, ಆಸ್ಟ್ರೇಲಿಯಗಳಲ್ಲಿ ಸಂಚರಿಸಿ ಧ್ಯಾನವನ್ನು ಬೋಧಿಸಿದರು. 1992ರ ಡಿಸೆಂಬರಿನಲ್ಲಿ ಮತ್ತೆ ಲಕ್ವ ಹೊಡೆಯಿತು. ಕೊನೆಯ ತಿಂಗಳುಗಳನ್ನು ಆಶ್ರಮವಾಸಿಗಳ ಆರೈಕೆಯಲ್ಲಿ, ಇತರರ ಕೈಗಳನ್ನೇ ಅವಲಂಬಿಸಿ ಕಳೆದು 1993ರ ಮೇ 13ರಂದು ಶಾಂತಿವನದಲ್ಲಿ ತೀರಿಕೊಂಡರು.

ಈ ಬದುಕಿನಿಂದ ನೋವೇ ಕರುಣೆಯನ್ನು ಕೊಡುತ್ತದೆಂಬ ತೀರ್ಮಾನಕ್ಕೆ ಬರುವುದು ಅವಸರವಾದೀತು. ಹಾಗೆಂದರೆ ಕೆಂಗೇರಿಯ ಬಡವನ ಹಸಿವನ್ನೂ ಸಂಕಮ್ಮನ ನರಳಾಟವನ್ನೂ ಪುಣ್ಯವೆಂದು ಸಮರ್ಥಿಸಿದಂತಾಗುತ್ತದೆ. ಗ್ರಿಫಿತ್ಸ್ ಅವರಲ್ಲಿ ನೋವು ಮಾಡಿದ ಕೆಲಸ ಸೀಮಿತವಾದುದು: ತನ್ನ ಸಾಧನೆಗೆ ತಾನೇ ಒಡೆಯನೆಂಬ ಭಾವವನ್ನು ಅದು ಅಳಿಸಿತು. ಆ ತೆರವಿನಲ್ಲಿ ತುಂಬಿದ ಕರುಣೆಗೆ ಹಲವು ದಶಕಗಳ ಮೌನ, ಕೆಂಗೇರಿಯಲ್ಲಾದ ಅರಿವು, ಹಾಸಿಗೆಯ ಬಳಿ ಕುಳಿತು ಉಪಚರಿಸಿದವರ ಕೈಗಳು ಕೂಡಿಯೇ ಕಾರಣವಾದವು. ಮಾದೇಶ್ವರ ಕಾವ್ಯದಲ್ಲಿ ನೊಂದವಳ ಮೊರೆಗೆ ದೈವ ಓಗೊಟ್ಟು ಬರುತ್ತದೆ. ಇಲ್ಲಿ ನೊಂದವನೇ ಇತರರಿಗೆ ಓಗೊಡುವವನಾಗುತ್ತಾನೆ. ಎರಡರ ತಾತ್ತ್ವಿಕ ನೆಲೆಗಳು ಬೇರೆ. ಆದರೆ ನೋವನ್ನು ವೈಭವೀಕರಿಸದೆ, ನೊಂದ ಜೀವದ ಪಕ್ಕದಲ್ಲಿ ನಿಲ್ಲುವುದನ್ನೇ ಎರಡೂ ಧರ್ಮವೆಂದು ಬಗೆಯುತ್ತವೆ. ಕನ್ನಡದ ಅನುಭಾವ ಅಧ್ಯಯನವು ದೇಸಿ ಕಾವ್ಯಗಳನ್ನೂ ಕ್ರೈಸ್ತ ಧ್ಯಾನಪರಂಪರೆಯನ್ನೂ ಒಟ್ಟಿಗೆ ಓದಬೇಕಾದ ಅಗತ್ಯ ಇರುವುದು ಇಲ್ಲಿಯೇ.