ಹೆಪ್ಪುಗಟ್ಟಿದ ರಕ್ತದ ಜಾಡು ಹಿಡಿದ ವೈದ್ಯ ರುಡಾಲ್ಫ್ ವಿರ್ಚೋ

ಹೆರಿಗೆಯಾಗಿ ಒಂದು ವಾರ ಕಳೆದ ಬಾಣಂತಿ. ಒಂದು ಕಾಲು ಸ್ವಲ್ಪ ಊದಿಕೊಂಡಿದೆ, ಬೇರೇನೂ ತೊಂದರೆಯಿಲ್ಲ. ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ ಇಟ್ಟವಳು ಎದೆ ಹಿಡಿದುಕೊಂಡು ಕುಸಿಯುತ್ತಾಳೆ, ಅಲ್ಲಿಗೆ ಮುಗಿಯಿತು. ಸುಮಾರು 180 ವರ್ಷಗಳ ಹಿಂದೆ ಯುರೋಪಿನ ಆಸ್ಪತ್ರೆಗಳಿಗೆ ಇಂಥ ಸಾವು ಹೊಸದೇನೂ ಆಗಿರಲಿಲ್ಲ. ಕಾಲು ಮುರಿದು ಮಲಗಿದವರು, ಆಪರೇಷನ್ ಆದವರು, ದೀರ್ಘ ಜ್ವರದಿಂದ ಎದ್ದವರು ಹೀಗೇ ಇದ್ದಕ್ಕಿದ್ದಂತೆ ಹೋಗಿಬಿಡುತ್ತಿದ್ದರು. ಪೋಸ್ಟ್‌ಮಾರ್ಟಂ ಮಾಡಿದರೆ ಶ್ವಾಸಕೋಶದ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಗುತ್ತಿತ್ತು. ಶ್ವಾಸಕೋಶಕ್ಕೆ ಉರಿಯೂತವಾಗಿ ಅದು ಅಲ್ಲೇ ಹುಟ್ಟಿದೆ ಅಂತ ಹೆಚ್ಚಿನ ವೈದ್ಯರು ನಂಬಿದ್ದರು. ಇಲ್ಲ, ಅದು ಕಾಲಿನಲ್ಲಿ ಹುಟ್ಟಿ ಅಲ್ಲಿಯವರೆಗೆ ಪ್ರಯಾಣ ಮಾಡಿದೆ ಎಂದು ತೋರಿಸಿಕೊಟ್ಟವರು ಬರ್ಲಿನ್ನಿನ ಒಬ್ಬ ಕಿರಿಯ ವೈದ್ಯ, ರುಡಾಲ್ಫ್ ವಿರ್ಚೋ. ಆಗ ಅವರಿಗೆ 25ರ ಆಸುಪಾಸು.

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯಾ ರಾಜ್ಯದ ಪೊಮೆರೇನಿಯಾ ಪ್ರಾಂತ್ಯದ ಶಿವೆಲ್‌ಬೈನ್ ಎಂಬ ಸಣ್ಣ ಪೇಟೆಯಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ. ತಂದೆ ಬೇಸಾಯಗಾರ, ಊರಿನ ಪುರಸಭೆಯ ಖಜಾಂಚಿ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಮಗ. ಕೈಯಲ್ಲಿ ಅಂಥಾ ದುಡ್ಡೇನೂ ಇರಲಿಲ್ಲ. ಹಾಗಾಗಿ 1839ರಲ್ಲಿ ಬರ್ಲಿನ್ನಿನ ಸೇನಾ ವೈದ್ಯಕೀಯ ಸಂಸ್ಥೆಗೆ ಸೇರಿದರು. ಅಲ್ಲಿ ಓದು ಉಚಿತ, ಬದಲಿಗೆ ಓದಿದ ಮೇಲೆ ಸೇನೆಗೆ ದುಡಿಯಬೇಕು. ಬುದ್ಧಿವಂತ ಬಡ ಹುಡುಗರಿಗೆ ಡಾಕ್ಟರಾಗಲು ಆ ಕಾಲದಲ್ಲಿ ಇದ್ದ ದಾರಿ ಅದು. 1843ರಲ್ಲಿ ಪದವಿ ಸಿಕ್ಕಿತು, ಷಾರಿಟೆ ಎಂಬ ಹೆಸರಿನ ಬರ್ಲಿನ್ನಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು.

ಅಲ್ಲಿ ಶವಪರೀಕ್ಷೆ ವಿಭಾಗದ ಹೊಣೆ ಹೊತ್ತಿದ್ದ ರಾಬರ್ಟ್ ಫ್ರೋರೀಪ್ ಈ ಹುಡುಗನಿಗೆ ಕೊಟ್ಟ ಕೆಲಸ ಸಿರೆಗಳ ಉರಿಯೂತವನ್ನು ಅಧ್ಯಯನ ಮಾಡುವುದು. ಅದೇನೂ ಸಣ್ಣ ವಿಷಯವಲ್ಲ. ಪ್ಯಾರಿಸಿನ ಕ್ರುವೇಲಿಯೆ ಎಂಬ ಹೆಸರಾಂತ ವೈದ್ಯರ ಮಾತು ಆಗ ಯುರೋಪಿನಾದ್ಯಂತ ನಡೆಯುತ್ತಿತ್ತು. ಅವರ ಪ್ರಕಾರ ಎಲ್ಲ ರೋಗಗಳ ಬೇರು ಸಿರೆಯ ಉರಿಯೂತದಲ್ಲಿದೆ. ಸಿರೆಯ ಗೋಡೆ ಕೆಂಪಾಗಿ ಊದಿಕೊಳ್ಳುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಕೀವಾಗುತ್ತದೆ. ಉರಿಯೂತ ಮೊದಲು, ಹೆಪ್ಪು ಆಮೇಲೆ.

ವಿರ್ಚೋ ಶವಗಳನ್ನು ಒಂದಾದ ಮೇಲೆ ಒಂದು ಕೊಯ್ದು ನೋಡಿದರು. ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಾಗಲೆಲ್ಲ ಕಾಲಿನ, ಸೊಂಟದ ಸಿರೆಗಳನ್ನೂ ಬಿಚ್ಚಿ ನೋಡುವುದು ಅವರ ಪದ್ಧತಿ. ಅಲ್ಲೂ ಹೆಪ್ಪು ಇರುತ್ತಿತ್ತು. ಕೆಲವೊಮ್ಮೆ ಶ್ವಾಸಕೋಶದ ತುಂಡಿನ ಮುರಿದ ತುದಿ ಕಾಲಿನ ಹೆಪ್ಪಿನ ಮುರಿದ ತುದಿಗೆ ಸರಿಯಾಗಿ ಹೊಂದುತ್ತಿತ್ತು. ಇಷ್ಟು ಸಾಲದು ಅಂತ ನಾಯಿಗಳ ಮೇಲೆ ಪ್ರಯೋಗಕ್ಕೆ ಇಳಿದರು. ಕುತ್ತಿಗೆಯ ಸಿರೆಯೊಳಗೆ ರಬ್ಬರಿನ ಚೂರು, ಹೆಪ್ಪುಗಟ್ಟಿದ ರಕ್ತದ ಚೂರು ಹಾಕಿದರು. ಕೆಲ ದಿನ ಬಿಟ್ಟು ನೋಡಿದರೆ ಅವು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಂಡಿದ್ದವು. ರಬ್ಬರ್ ಶ್ವಾಸಕೋಶದಲ್ಲಿ ತಾನಾಗಿ ಹುಟ್ಟಲು ಸಾಧ್ಯವಿಲ್ಲವಲ್ಲ! ಸಿರೆಯಿಂದ ಹೃದಯದ ಬಲಭಾಗಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ರಕ್ತ ಹರಿಯುವ ದಾರಿಯಲ್ಲೇ ಆ ಚೂರುಗಳೂ ಸಾಗಿದ್ದವು. ಹೃದಯದ ಬಲಭಾಗದ ರಕ್ತ ಶ್ವಾಸಕೋಶವನ್ನು ಹಾದೇ ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದಿಟ್ಟವರು ಡಮಾಸ್ಕಸ್ಸಿನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಇಬ್ನುನ್ನಫೀಸ್ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ನಿಂತಲ್ಲೇ ಕಟ್ಟಿದ ಹೆಪ್ಪಿಗೆ ಥ್ರಾಂಬಸ್, ಕಿತ್ತುಕೊಂಡು ಹೋಗಿ ಬೇರೆಡೆ ದಾರಿ ಮುಚ್ಚುವ ತುಂಡಿಗೆ ಎಂಬೋಲಸ್. ಇಂದು ಎಲ್ಲ ಆಸ್ಪತ್ರೆಗಳಲ್ಲಿ ಕೇಳಿಬರುವ ಈ ಪದಗಳನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ವಿರ್ಚೋ. ಎಷ್ಟೋ ಕಡೆ ಹೆಪ್ಪು ಕಟ್ಟಿದ ಸಿರೆಯ ಗೋಡೆಯಲ್ಲಿ ಮೊದಮೊದಲು ಉರಿಯೂತದ ಲಕ್ಷಣವೇ ಇಲ್ಲದ್ದನ್ನೂ ಅವರು ಕಂಡರು. ಹೆಪ್ಪು ಮೊದಲು, ಉರಿಯೂತ ಆಮೇಲೆ ಎಂದರು. ಕ್ರುವೇಲಿಯೆ ಅವರ ಮಾತು ತಲೆಕೆಳಗಾಯಿತು. ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಗಾಯವಾಗುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು ಎಂಬ ಮೂರು ಕಾರಣಗಳನ್ನು ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ವಿರ್ಚೋ ಟ್ರಯಾಡ್ ಎಂದು ಬಾಯಿಪಾಠ ಮಾಡುತ್ತಾರೆ. ಅಸಲಿಗೆ ಈ ಮೂರನ್ನು ಒಟ್ಟಿಗೆ ಕಟ್ಟಿ ಅವರ ಹೆಸರಿಟ್ಟದ್ದು ಅವರು ತೀರಿಕೊಂಡು ದಶಕಗಳಾದ ಮೇಲೆ.

1845ರಲ್ಲಿ ಇನ್ನೊಂದು ಪ್ರಕರಣ ಬಂತು. ಅಡುಗೆ ಕೆಲಸದ ಮಧ್ಯವಯಸ್ಸಿನ ಹೆಂಗಸೊಬ್ಬಳು ಸತ್ತಿದ್ದಳು, ರಕ್ತದಲ್ಲಿ ಬಿಳಿ ಕಣಗಳೇ ತುಂಬಿದ್ದವು. ಅದೇ ವರ್ಷ ಎಡಿನ್‌ಬರೋದ ಬೆನೆಟ್ ಎಂಬ ವೈದ್ಯರೂ ಇಂಥದ್ದೇ ರೋಗಿಯನ್ನು ನೋಡಿ ರಕ್ತದಲ್ಲಿ ಕೀವು ಸೇರಿದೆ ಎಂದು ಬರೆದರು. ವಿರ್ಚೋ ಒಪ್ಪಲಿಲ್ಲ. ಕೀವು ಎನ್ನಬೇಕಾದರೆ ಎಲ್ಲಾದರೂ ಉರಿಯೂತ ಸಿಗಬೇಕಿತ್ತು, ಸಿಗಲಿಲ್ಲ. ಇದು ರಕ್ತದ್ದೇ ಬೇರೆ ಕಾಯಿಲೆ ಎಂದರು, ಎರಡು ವರ್ಷ ಬಿಟ್ಟು ಅದಕ್ಕೆ ಲ್ಯುಕೇಮಿಯಾ ಎಂದು ಹೆಸರಿಟ್ಟರು.

ಶವಾಗಾರದ ಈ ಮನುಷ್ಯನನ್ನು ಬೀದಿಗೆ ತಂದದ್ದು ಒಂದು ಸಾಂಕ್ರಾಮಿಕ ಜ್ವರ. 1848ರ ಆರಂಭದಲ್ಲಿ ಪ್ರಷ್ಯಾದ ಗಡಿನಾಡು ಅಪ್ಪರ್ ಸೈಲೀಷ್ಯಾದಲ್ಲಿ ಟೈಫಸ್ ಹಬ್ಬಿ ಜನ ರಾಶಿರಾಶಿ ಸಾಯುತ್ತಿದ್ದರು. (ಇದು ನಮ್ಮಲ್ಲಿ ಕಾಣುವ ಟೈಫಾಯಿಡ್ ಅಲ್ಲ, ಹೇನಿನಿಂದ ಹರಡುವ ಜ್ವರ. ಹೇನಿನ ಪಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.) ಸರಕಾರ ವಿರ್ಚೋ ಅವರನ್ನು ವರದಿ ಮಾಡಲು ಕಳಿಸಿತು. ಸುಮಾರು ಮೂರು ವಾರ ಅವರು ಗುಡಿಸಲು ಗುಡಿಸಲು ಸುತ್ತಿದರು. ಬೆಳೆ ಹೋಗಿತ್ತು, ಹೊಟ್ಟೆಗಿಲ್ಲ, ಒಂದೇ ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಜನರ ಮನೆಮಾತು ಪೋಲಿಷ್. ಕಚೇರಿ, ಅಧಿಕಾರಿ, ಕಾಗದಪತ್ರ ಎಲ್ಲವೂ ಜರ್ಮನ್. ಮನೆಯ ಭಾಷೆ ಒಂದು, ಸರಕಾರದ ಭಾಷೆ ಇನ್ನೊಂದು ಆದಾಗ ಏನಾಗುತ್ತದೆಂದು ಕಾಸರಗೋಡಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸರಕಾರ ಬಯಸಿದ್ದು ಔಷಧಿಯ ಪಟ್ಟಿ. ವಿರ್ಚೋ ಬರೆದುಕೊಟ್ಟದ್ದು ಬೇರೆಯೇ. ಈ ಜನರಿಗೆ ಪೂರ್ಣ ಪ್ರಜಾಪ್ರಭುತ್ವ ಕೊಡಿ, ಪೋಲಿಷ್ ಭಾಷೆಗೆ ಅಧಿಕೃತ ಸ್ಥಾನ ಕೊಡಿ, ಗಂಡು ಹೆಣ್ಣು ಮಕ್ಕಳಿಬ್ಬರಿಗೂ ಶಾಲೆ ಕಟ್ಟಿ, ರಸ್ತೆ ಮಾಡಿ, ತೆರಿಗೆಯ ಭಾರವನ್ನು ಬಡವರಿಂದ ಶ್ರೀಮಂತರ ಕಡೆಗೆ ಸರಿಸಿ ಎಂಬುದು ಆ ವರದಿಯ ಸಾರ. ಬರ್ಲಿನ್ನಿಗೆ ಮರಳಿದ ಕೆಲವೇ ದಿನಗಳಲ್ಲಿ ಅಲ್ಲಿ ಕ್ರಾಂತಿ ಎದ್ದಿತು, ವಿರ್ಚೋ ಬೀದಿಯಲ್ಲಿ ತಡೆಗೋಡೆ ಕಟ್ಟುವವರ ಜೊತೆ ನಿಂತರು. ವೈದ್ಯಕೀಯ ಸುಧಾರಣೆಗಾಗಿ ಒಂದು ವಾರಪತ್ರಿಕೆಯನ್ನೂ ನಡೆಸಿದರು. ಕ್ರಾಂತಿ ಸೋತಿತು. 1849ರಲ್ಲಿ ಷಾರಿಟೆಯ ಕೆಲಸಕ್ಕೆ ಕುತ್ತು ಬಂತು. ಬವೇರಿಯಾದ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯ ಕರೆದಾಗ ಬರ್ಲಿನ್ ಬಿಟ್ಟು ಹೊರಟರು.

ಮರುವರ್ಷ ರೋಸ್ ಮಾಯರ್ ಎಂಬವರನ್ನು ಮದುವೆಯಾದರು, ಆರು ಮಕ್ಕಳಾದವು. ರಾಜಕೀಯದಿಂದ ದೂರ ಉಳಿದ ಆ ಏಳು ವರ್ಷಗಳಲ್ಲಿ ಅವರ ವಿಜ್ಞಾನ ಹಣ್ಣಾಯಿತು. ದೇಹದ ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗವೆಂದರೆ ಜೀವಕೋಶಗಳ ರೋಗ ಎಂಬ ನಿಲುವಿಗೆ ಅವರು ಬಂದರು. ಹೆಪ್ಪಿನ ಕುರಿತ ಬರಹಗಳೆಲ್ಲ 1856ರಲ್ಲಿ ಒಟ್ಟಾಗಿ ಅಚ್ಚಾದವು. ಅದೇ ವರ್ಷ ಬರ್ಲಿನ್ ಅವರನ್ನು ಮರಳಿ ಕರೆಯಿತು, ಅವರಿಗಾಗಿಯೇ ಒಂದು ರೋಗಶಾಸ್ತ್ರ ಸಂಸ್ಥೆಯನ್ನು ಕಟ್ಟಿಕೊಟ್ಟಿತು. 1858ರಲ್ಲಿ ಅಲ್ಲಿ ಕೊಟ್ಟ 20 ಉಪನ್ಯಾಸಗಳ ಪುಸ್ತಕ ವೈದ್ಯಶಾಸ್ತ್ರದ ದಿಕ್ಕನ್ನೇ ಬದಲಿಸಿತು.

ಹೃದಯದ ವಿಷಯಕ್ಕೆ ಬಂದರೆ ಇಲ್ಲೊಂದು ತಮಾಷೆ ಇದೆ. ಸಿರೆಯಿಂದ ಉರಿಯೂತವನ್ನು ಹೊರದಬ್ಬಿದ ಇದೇ ವಿರ್ಚೋ, ಅಪಧಮನಿಯ ವಿಷಯದಲ್ಲಿ ಅದನ್ನು ಒಳಗೆ ಕರೆತಂದರು. ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬಿನ ದಿಣ್ಣೆ ಬೆಳೆಯುವುದು ರಕ್ತದ ಅಂಶ ಬಂದು ಮೆತ್ತಿಕೊಳ್ಳುವುದರಿಂದ ಎಂದು ವಿಯೆನ್ನಾದ ರೋಕಿಟಾನ್ಸ್ಕಿ ಹೇಳುತ್ತಿದ್ದರು. ಗೋಡೆಯೊಳಗೇ ಉರಿಯೂತ ನಡೆಯುತ್ತಿದೆ ಎಂದು ವಿರ್ಚೋ ವಾದಿಸಿದರು. ಈ ಜಗಳಕ್ಕೆ ಉತ್ತರದ ಒಂದು ಭಾಗ ಸಿಕ್ಕಿದ್ದು 2017ರಲ್ಲಿ. ಒಮ್ಮೆ ಹೃದಯಾಘಾತವಾಗಿದ್ದ 10 ಸಾವಿರಕ್ಕೂ ಹೆಚ್ಚು ಜನರಿಗೆ ಉರಿಯೂತವನ್ನು ಮಾತ್ರ ತಗ್ಗಿಸುವ ಮದ್ದು ಕೊಟ್ಟು ನಡೆಸಿದ ಕ್ಯಾಂಟೋಸ್ ಎಂಬ ಪರೀಕ್ಷೆಯಲ್ಲಿ, ಕೊಲೆಸ್ಟರಾಲ್ ಇಳಿಯದಿದ್ದರೂ ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಯಿತು. ಆದರೆ ಆ ಮದ್ದು ತೆಗೆದುಕೊಂಡವರಲ್ಲಿ ಸೋಂಕಿನಿಂದ ಸತ್ತವರು ತುಸು ಹೆಚ್ಚಿದ್ದರು. ಉರಿಯೂತ ದೇಹದ ಕಾವಲುಗಾರ ಕೂಡಾ ಹೌದು.

ವಿರ್ಚೋ ಎಡವಿದ್ದು ಇಲ್ಲೇ. ಸೋಂಕು ಎಂಬ ವಿಷಯವನ್ನು ಅವರು ಕಡೆಯವರೆಗೂ ಅನುಮಾನದಿಂದ ನೋಡಿದರು. ಬಾಣಂತಿಯರ ಜ್ವರ ಡಾಕ್ಟರರ ಕೈಯಿಂದಲೇ ಹರಡುತ್ತಿದೆ, ಕೈ ತೊಳೆಯಿರಿ ಎಂದು ಗೋಗರೆದ ಸೆಮ್ಮೆಲ್‌ವೈಸ್‌ಗೆ ಮನ್ನಣೆ ಕೊಡಲಿಲ್ಲ. ಕ್ಷಯದ ರೋಗಾಣುವನ್ನು 1882ರಲ್ಲಿ ರಾಬರ್ಟ್ ಕಾಖ್ ತೋರಿಸಿದಾಗಲೂ ಮನಸ್ಸು ಪೂರ್ತಿ ಬಿಚ್ಚಲಿಲ್ಲ. ರೋಗಕ್ಕೆಲ್ಲ ಒಂದು ಹುಳವನ್ನು ಹೊಣೆ ಮಾಡಿದರೆ ಬಡತನ, ಕೊಳಕು ನೀರು, ಇಕ್ಕಟ್ಟಿನ ಮನೆಗಳನ್ನು ಸರಕಾರಗಳು ಮರೆತುಬಿಡುತ್ತವೆ ಎಂಬ ಭಯ ಅವರದ್ದು. ಭಯದಲ್ಲಿ ಅರ್ಥವಿತ್ತು, ಆದರೂ ಅವರ ಮಾತಿಗಿದ್ದ ತೂಕ ನೋಡಿದರೆ ಈ ತಪ್ಪನ್ನು ಸಣ್ಣದೆನ್ನುವ ಹಾಗಿಲ್ಲ.

ಊರಿನ ಕೆಲಸದಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. 1859ರಿಂದ ಬರ್ಲಿನ್ ನಗರಸಭೆಯ ಸದಸ್ಯ. ಜೇಮ್ಸ್ ಹೋಬ್ರೆಖ್ಟ್ ಎಂಬ ಎಂಜಿನಿಯರ್ ಜೊತೆ ಸೇರಿ, ಬೀದಿಯ ಚರಂಡಿಗಳಲ್ಲಿ ನಾರುತ್ತಿದ್ದ ನಗರಕ್ಕೆ ನೆಲದಡಿಯ ಒಳಚರಂಡಿ ತಂದರು. ಹಂದಿ ಮಾಂಸದ ಹುಳದಿಂದ ಬರುವ ರೋಗವನ್ನು ಅಧ್ಯಯನ ಮಾಡಿ ಮಾಂಸ ತಪಾಸಣೆ ಕಡ್ಡಾಯವಾಗಬೇಕೆಂದು ಹಟ ಹಿಡಿದರು. ಪ್ರಷ್ಯಾದ ಶಾಸನಸಭೆಯಲ್ಲಿ ಬಿಸ್ಮಾರ್ಕ್‌ಗೆ ಎದುರಾಳಿ. 1865ರಲ್ಲಿ ಸಿಟ್ಟಿಗೆದ್ದ ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದರೆ ವಿರ್ಚೋ ಹೋಗಲಿಲ್ಲ. ಆಯುಧದ ಬದಲು ಹುಳ ಇರುವ ಸಾಸೇಜ್ ಕೇಳಿದರು ಎಂಬ ಕತೆ ಎಲ್ಲೆಡೆ ಓಡಾಡುತ್ತಿದೆ, ಅದು ಬರೀ ಕಟ್ಟುಕತೆ. ಜರ್ಮನರದ್ದು ಶುದ್ಧ ಜನಾಂಗ ಎಂಬ ಮಾತು ಜೋರಾದಾಗ 67 ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳ ಕಣ್ಣು, ಕೂದಲು, ಚರ್ಮದ ಬಣ್ಣದ ಲೆಕ್ಕ ತೆಗೆಸಿದರು. ಯಹೂದಿಗಳೇ ಬೇರೆ, ಜರ್ಮನರೇ ಬೇರೆ ಎಂದು ಬಣ್ಣ ನೋಡಿ ಗೆರೆ ಎಳೆಯಲು ಆ ಲೆಕ್ಕದಲ್ಲಿ ಆಧಾರ ಸಿಗಲಿಲ್ಲ. ವಸಾಹತುಗಳಿಂದ ಬಂದ ತಲೆಬುರುಡೆಗಳನ್ನು ರಾಶಿ ಹಾಕಿಕೊಂಡು ಅಳೆದವರೂ ಅವರೇ, ಅದನ್ನೂ ಮುಚ್ಚಿಡಬೇಕಾಗಿಲ್ಲ.

ಉರಿಯೂತ ಮೊದಲೋ ಹೆಪ್ಪು ಮೊದಲೋ ಎಂಬ ಅವರ ಹಳೇ ಪ್ರಶ್ನೆ ಈಗ ಬೇರೆ ರೂಪ ತಾಳಿದೆ. 2004ರಲ್ಲಿ, ಅವರು ದುಡಿದ ಷಾರಿಟೆ ಆವರಣದಲ್ಲೇ ಇರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಒಂದು ಸೋಜಿಗ ಕಂಡರು. ಸೋಂಕು ತಗಲಿದಾಗ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಬೀಸಿ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತವೆ. ಆಮೇಲೆ ತಿಳಿದುಬಂದ ಪ್ರಕಾರ ಅದೇ ಬಲೆಗೆ ಪ್ಲೇಟ್‌ಲೆಟ್, ಕೆಂಪು ಕಣಗಳೂ ಅಂಟಿಕೊಂಡು ಹೆಪ್ಪು ಬೆಳೆಯುತ್ತದೆ. ರೋಗಾಣು ಮುಂದೆ ಹೋಗದಂತೆ ದೇಹವೇ ಹಾಕುವ ಬೇಲಿ ಅದು. ಬೇಲಿ ಅತಿಯಾದರೆ ರಕ್ತವೇ ಹರಿಯುವುದಿಲ್ಲ. 2020ರಲ್ಲಿ ಕೊರೋನಾದಿಂದ ಸತ್ತವರ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಕಂಡದ್ದು ಇದನ್ನೇ. ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಹೆಸರು ಆಗ ನಮ್ಮ ಮನೆಮನೆಗೂ ಬಂತು.

ಲಿವರಿನ ಕತೆ ಇನ್ನೂ ವಿಚಿತ್ರ. ರಕ್ತ ಹೆಪ್ಪುಗಟ್ಟಿಸುವ ಹೆಚ್ಚಿನ ಪ್ರೋಟೀನುಗಳು ತಯಾರಾಗುವುದು ಅಲ್ಲಿ. ಹೆಪ್ಪನ್ನು ತಡೆಯುವ ಪ್ರೋಟೀನುಗಳು ತಯಾರಾಗುವುದೂ ಅಲ್ಲೇ. ಸಿರೋಸಿಸ್ ಬಂದಾಗ ಎರಡೂ ಇಳಿಯುತ್ತವೆ. ಇಂಥ ರೋಗಿಗೆ ರಕ್ತಸ್ರಾವದ ಭಯ ಮಾತ್ರ, ಹೆಪ್ಪಿನ ಭಯವಿಲ್ಲ ಎಂದು ವೈದ್ಯರು ಬಹಳ ಕಾಲ ನಂಬಿದ್ದರು. ಅದು ತಪ್ಪು. ಗಟ್ಟಿಯಾದ ಲಿವರಿಗೆ ಹೋಗುವ ದೊಡ್ಡ ಸಿರೆಯಲ್ಲಿ ರಕ್ತ ನಿಧಾನವಾಗಿ, ವಿರ್ಚೋ ಹೆಸರಿನ ಮೂರು ಕಾರಣಗಳಲ್ಲಿ ಮೊದಲನೆಯದೇ ಅಲ್ಲಿ ಕೂತಿರುತ್ತದೆ. ಗಲ್ಫಿನ ವಿಮಾನದಲ್ಲಿ ನಾಲ್ಕು ತಾಸು ಕಾಲು ಮಡಚಿ ಕೂತವರಿಗೂ ಅನ್ವಯವಾಗುವುದು ಇದೇ ಮೊದಲನೇ ಕಾರಣ. ಅಷ್ಟು ಹೊತ್ತಿನ ಪ್ರಯಾಣದಲ್ಲಿ ಹೆಪ್ಪಿನ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ. ಹಾಗಂತ ಹೆದರುವಷ್ಟಲ್ಲ, ಸುಮಾರು 6,000 ಪ್ರಯಾಣಿಕರಲ್ಲಿ ಒಬ್ಬರಿಗೆ. ನಡುವೆ ಎದ್ದು ನಡೆದಾಡಿದರೆ, ಕುಳಿತಲ್ಲೇ ಪಾದ ಮೇಲೆ ಕೆಳಗೆ ಆಡಿಸಿದರೆ ರಕ್ತ ಹರಿಯುತ್ತಿರುತ್ತದೆ.

1901ರ ಅಕ್ಟೋಬರಿನಲ್ಲಿ ವಿರ್ಚೋ ಅವರ 80ನೇ ಹುಟ್ಟುಹಬ್ಬಕ್ಕೆ ನಾನಾ ದೇಶಗಳ ವೈದ್ಯರು ಬರ್ಲಿನ್ನಿಗೆ ಬಂದಿದ್ದರು. ಮೂರು ತಿಂಗಳೂ ಕಳೆದಿರಲಿಲ್ಲ, 1902ರ ಜನವರಿ 4ರಂದು ಲೈಪ್‌ಜಿಗರ್ ಬೀದಿಯಲ್ಲಿ ಚಲಿಸುತ್ತಿದ್ದ ಟ್ರಾಮ್‌ನಿಂದ ಇಳಿಯಲು ಹಾರಿ ಬಿದ್ದರು, ತೊಡೆಯ ಮೂಳೆ ಮುರಿಯಿತು. ಇಳಿವಯಸ್ಸು, ಮುರಿದ ಮೂಳೆ, ವಾರಗಟ್ಟಲೆ ಹಾಸಿಗೆ. ಇವತ್ತಾದರೆ ಇಂಥ ರೋಗಿಗೆ ಹೆಪ್ಪು ಕಟ್ಟದಂತೆ ಹೆಪಾರಿನ್ ಇಂಜೆಕ್ಷನ್ ಕೊಡುವುದು ವಾಡಿಕೆ. ಅದು ನಾಯಿಯ ಲಿವರಿನಲ್ಲಿ ಪತ್ತೆಯಾದದ್ದು 1916ರಲ್ಲಿ. ವಿರ್ಚೋ ಸ್ವಲ್ಪ ಚೇತರಿಸಿಕೊಂಡರು, ಹವೆ ಬದಲಾವಣೆಗೆಂದು ಬೇರೆ ಊರುಗಳಿಗೂ ಹೋಗಿ ಬಂದರು, ಆದರೆ ಮೊದಲಿನ ಹಾಗೆ ಆಗಲಿಲ್ಲ. ಸೆಪ್ಟೆಂಬರ್ 5ರಂದು ಬರ್ಲಿನ್ನಿನಲ್ಲಿ ಅವರ ಹೃದಯ ನಿಂತಿತು. ಪತ್ನಿ ರೋಸ್ ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು. ಷೋನೆಬೆರ್ಗ್‌ನ ಸೇಂಟ್ ಮ್ಯಾಥ್ಯೂ ಸ್ಮಶಾನದಲ್ಲಿ ಇಬ್ಬರ ಸಮಾಧಿಯೂ ಒಂದೇ ಕಡೆ ಇದೆ.